ವಡಾಲದ ಚಾಳಿಗೆ ಬಂದ ಜರ್ಮನ್ ಅಚ್ಚುಗಳು

ಅಂಚೆಚೀಟಿ ಕೂಡಿಡುವವನಿಗೆ ಜನ ಮರ್ಯಾದೆ ಕೊಡುತ್ತಾರೆ. ಹಳೆಯ ನಾಣ್ಯ ಕೂಡಿಡುವವನನ್ನು ಕಂಡರೆ ಹೊಟ್ಟೆಕಿಚ್ಚು ಪಡುತ್ತಾರೆ. ಆದರೆ ಹಸಿದವರ, ಹೆದರಿದವರ, ಅಳುವವರ ಮುಖಗಳನ್ನು ಕೂಡಿಡುವ ಮನುಷ್ಯನ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಗು ಬರುವುದು ಎಲ್ಲ ಮುಗಿದ ಮೇಲೆ. ನಡೆಯುತ್ತಿರುವಾಗ ನನಗೆ ಬಂದದ್ದು ಬೆವರು ಮಾತ್ರ.

ಐವತ್ತರ ದಶಕದ ಮಾತು. ನಾನು ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಬಾಯ್ಲರುಗಳ ನಕ್ಷೆ ಬರೆಯುವ ಕೆಲಸ. ವಾಸ ವಡಾಲದ ಚಾಳಿನ ಒಂದೇ ಒಂದು ಖೋಲಿಯಲ್ಲಿ. ನಮ್ಮ ದೊಡ್ಡ ಎಂಜಿನಿಯರ್ ಸಾಹೇಬರು ಜರ್ಮನಿಯ ಯಹೂದಿ. ಸ್ವಂತ ದೇಶದಲ್ಲಿ ಬದುಕುವುದೇ ಕಷ್ಟವಾದಾಗ ಹೆಂಡತಿಯೊಡನೆ ಹಡಗು ಹತ್ತಿ ಮುಂಬಯಿಗೆ ಬಂದವರು. ಬರುವಾಗ ತಂದ ಆಸ್ತಿ ಒಂದು ರಟ್ಟಿನ ಫೋಲ್ಡರ್. ಅದರ ತುಂಬ ಮರದಚ್ಚಿನ ಚಿತ್ರಗಳು. ನಮ್ಮಲ್ಲಿ ಬಟ್ಟೆಗೆ ಅಚ್ಚು ಒತ್ತುತ್ತಾರಲ್ಲ, ಹಾಗೆಯೇ ಹಲಗೆಯನ್ನು ಉಳಿಯಿಂದ ಕೆತ್ತಿ, ಕಪ್ಪು ಶಾಯಿ ಬಳಿದು, ಕಾಗದಕ್ಕೆ ಒತ್ತಿ ತೆಗೆದವು. ಎರಡು ಮಹಾಯುದ್ಧಗಳ ನಡುವೆ ಆ ದೇಶದ ಕಲಾವಿದರು ಚೆಲುವೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಕೆತ್ತಿದ್ದರು.

ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಎರಡನೆಯ ಸಲ ನಾನೇ ಕೇಳಿಕೊಂಡು ಹೋದೆ. ಆಮೇಲೆ ಅದೇ ಹುಚ್ಚಾಯಿತು. "ಗೆರೆ ನೇರವಾಗಿದ್ದರೆ ಸಾಲದು, ಗೆರೆಗೆ ನೋವಾಗಬೇಕು" ಎನ್ನುತ್ತಿದ್ದರು ಸಾಹೇಬರು. ಮರುಕ್ಷಣವೇ ಗಾಬರಿಯಾಗಿ, "ಬಾಯ್ಲರಿನ ನಕ್ಷೆಯಲ್ಲಿ ಹಾಗೆ ಮಾಡಬೇಡ" ಎಂದೂ ಸೇರಿಸುತ್ತಿದ್ದರು.

ಸಾಹೇಬರು ತೀರಿಕೊಂಡರು. ಅವರ ಹೆಂಡತಿಯನ್ನು ನಾವೆಲ್ಲ ಮದಾಮ್ ಎನ್ನುತ್ತಿದ್ದೆವು. ಅವರು ಆಸ್ಟ್ರೇಲಿಯಾದ ತಂಗಿಯ ಬಳಿಗೆ ಹೋಗಲು ತೀರ್ಮಾನಿಸಿ, ಅಂಧೇರಿಯ ತಮ್ಮ ಮನೆಗೆ ನನ್ನನ್ನು ಕರೆಸಿದರು. ಫೋಲ್ಡರಿನಿಂದ ಮೂರು ಚಿತ್ರ ತೆಗೆದು ನನ್ನ ಮುಂದಿಟ್ಟರು. "ಇವನ್ನು ಒಯ್ಯಿ. ನಾನು ಹಡಗು ಹತ್ತುವ ಮೊದಲು ನಿನ್ನ ಮನೆಗೆ ಬರುತ್ತೇನೆ. ಮೂರೂ ಅಲ್ಲಿ ಒಂದು ಕಲೆಯಿಲ್ಲದೆ ಇದ್ದರೆ ಫೋಲ್ಡರ್ ಪೂರ್ತಿ ನಿನ್ನದು. ಇಲ್ಲದಿದ್ದರೆ ಈ ಮೂರನ್ನೂ ವಾಪಸ್ ತೆಗೆದುಕೊಂಡು ಹೋಗುತ್ತೇನೆ" ಎಂದರು.

ಆ ಫೋಲ್ಡರಿಗಾಗಿ ನಾನು ಏನು ಬೇಕಾದರೂ ಮಾಡಲು ಸಿದ್ಧನಿದ್ದೆ. ಏನೇನು ಮಾಡಬೇಕಾಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಅಂಧೇರಿ ಸ್ಟೇಷನ್ನಿನಲ್ಲಿ

ಅದು ದಾರೂಬಂದಿಯ ಕಾಲ. ಮುಂಬಯಿಯಲ್ಲಿ ಕುಡಿಯಬೇಕೆಂದರೆ, ಕುಡಿಯದಿದ್ದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರರು ಬರೆದುಕೊಟ್ಟು ಪರ್ಮಿಟ್ ಸಿಗಬೇಕು. ಬಿಳಿಯರ ಮನೆಗಳಲ್ಲಿ ಪರ್ಮಿಟ್ಟಿನ ಬಾಟಲಿಗಳು ಇರುತ್ತವೆಂದು ಊರಿಗೆಲ್ಲ ಗೊತ್ತು. ಅಂಥ ಮನೆಯ ಕಡೆಯಿಂದ ಕಂಕುಳಲ್ಲಿ ಉದ್ದನೆಯ ತಗಡಿನ ನಳಿಗೆ ಹಿಡಿದು, ಅದನ್ನು ಹಸುಗೂಸಿನಂತೆ ಅವುಚಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಒಬ್ಬ ಬಂದರೆ ಹವಾಲ್ದಾರನಿಗೆ ಏನನ್ನಿಸಬೇಕು? ನಕ್ಷೆ ಒಯ್ಯುವ ನನ್ನ ಆಫೀಸಿನ ನಳಿಗೆ ಅದು. ಆತನಿಗದು ಬಾಟಲಿಯಾಗಿ ಕಂಡಿತು.

"ಕ್ಯಾ ಹೈ ಇಸ್ಮೇ?"

"ಕಾಗಜ್ ಹೈ ಸಾಬ್."

"ಸಬ್ ಲೋಗ್ ಕಾಗಜ್ ಹೀ ಬೋಲತೇ ಹೈಂ. ಖೋಲೋ."

ಆತ ಆಗಷ್ಟೇ ಅಂಗೈಯಲ್ಲಿ ಸುಣ್ಣ ತಂಬಾಕು ತಿಕ್ಕುತ್ತಿದ್ದ. ಅದೇ ಬೆರಳು ನಳಿಗೆಯೊಳಕ್ಕೆ ಹೋಗಲು ಹೊರಟಿತು. ಮದಾಮ್ ಹೇಳಿದ "ಒಂದು ಕಲೆಯಿಲ್ಲದೆ" ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ನಾನು ಎರಡೂ ಕೈ ಮುಗಿದು, ನಾನೇ ತೋರಿಸುತ್ತೇನೆ ಎಂದು ಗೋಗರೆದೆ. ಅಷ್ಟು ಗೋಗರೆದದ್ದರಿಂದ ಸಂಶಯ ಇನ್ನೂ ಬಲವಾಯಿತು. ಸುತ್ತ ಜನ ಸೇರಿದರು. ಬಂದ ಲೋಕಲ್ ಹತ್ತದೆ ನಿಂತು ನೋಡಿದರು.

ಮೇಲಿನ ಚಿತ್ರ ಬಿಚ್ಚಿದೆ. ಬರಿ ಮುಖ. ಕೆನ್ನೆಯಲ್ಲಿ ಹಳ್ಳ, ಹಣೆಯಲ್ಲಿ ಉಳಿಯ ಗೀರು, ಕಿವಿಯವರೆಗೆ ತೆರೆದ ಕಣ್ಣು, ಕಿರುಚಲು ಹೊರಟು ನಿಂತ ಬಾಯಿ. ಹವಾಲ್ದಾರ ಅರ್ಧ ಹೆಜ್ಜೆ ಹಿಂದೆ ಸರಿದ.

"ಯೇ ಕೌನ್ ಹೈ?"

"ಚಿತ್ರ ಸಾಬ್."

"ಚಿತ್ರ ತೋ ದಿಖತಾ ಹೈ. ಆದ್ಮೀ ಕೌನ್ ಹೈ?"

"ಮಾಲೂಮ್ ನಹೀಂ."

"ಮಾಲೂಮ್ ನಹೀಂ, ಔರ್ ಘರ್ ಲೇ ಜಾ ರಹಾ ಹೈ?"

ಯಾರೆಂದೇ ತಿಳಿಯದವನನ್ನು ಮನೆಗೆ ಒಯ್ಯುವವನು ನಾನೊಬ್ಬನೇ ಇರಬೇಕು. ಆತ ನಳಿಗೆಯನ್ನು ಮೂಗಿಗೆ ಹಿಡಿದು ಮೂಸಿದ. ಹಳೆಯ ಶಾಯಿಯ ವಾಸನೆ. ಇನ್ನೊಮ್ಮೆ ಮುಖವನ್ನು ನೋಡಿದ. ನೋಡುತ್ತ ನೋಡುತ್ತ ಆತನ ದನಿಯೇ ಮೆತ್ತಗಾಯಿತು.

"ಜಾವ್, ಲೇ ಜಾವ್. ಬೇಚಾರೇ ಕೋ ತೋ ಡಾಕ್ಟರ್ ಕಾ ಪರ್ಮಿಟ್ ಮಿಲನಾ ಚಾಹಿಯೇ." ಡಾಕ್ಟರರ ಪರ್ಮಿಟ್ ಸಿಗಬೇಕಾದದ್ದು ಈ ಬಡಪಾಯಿಗಂತೆ!

ದೇವರೋ, ತೀರಿಕೊಂಡವರೋ

ಎರಡು ಚಿತ್ರ ಟ್ರಂಕಿನಲ್ಲಿ, ನನ್ನಾಕೆಯ ಇಳಕಲ್ ಸೀರೆಗಳ ನಡುವೆ ಮಲಗಿದವು. ಆ ಮುಖವನ್ನು ಮಾತ್ರ ಗೋಡೆಗೆ ಹಾಕಬೇಕೆಂಬ ಆಸೆ. ಮದಾಮ್ ಬಂದಾಗ ಎದುರಿಗೇ ಕಾಣಬೇಕಲ್ಲ! ದಾದರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವವನ ಬಳಿ ಒಯ್ದೆ.

"ದೇವ್ ಕೀ ವಾರಲೇಲೆ?" ಎಂದು ತಲೆಯೆತ್ತದೆ ಕೇಳಿದ. ದೇವರೋ, ತೀರಿಕೊಂಡವರೋ? ಅವನ ಅಂಗಡಿಗೆ ಬರುವುದು ಈ ಎರಡು ಜಾತಿಯೇ. ದೇವರಾದರೆ ಬಂಗಾರದ ಬಣ್ಣದ ಕಟ್ಟು, ತೀರಿಕೊಂಡವರಾದರೆ ಕಪ್ಪು.

"ಎರಡೂ ಅಲ್ಲ" ಎಂದೆ ಮರಾಠಿಯಲ್ಲಿ.

ಆಗ ತಲೆಯೆತ್ತಿ ಚಿತ್ರ ನೋಡಿದ. ಕಪ್ಪು ಕಟ್ಟು ತೆಗೆದುಕೊಂಡ. ಚಿತ್ರವನ್ನು ಮಣೆಯ ಮೇಲಿಟ್ಟು, ಕೆಳಗಿನ ಅಂಚನ್ನು ನೋಡಿ ಮುಖ ಸಿಂಡರಿಸಿ, ಡ್ರಾಯರಿನಿಂದ ರಬ್ಬರ್ ತೆಗೆದ.

ಅಲ್ಲಿದ್ದದ್ದು ಕಲಾವಿದನ ಸಹಿ. ಇಂಥ ಚಿತ್ರಗಳಿಗೆ ಕಲಾವಿದರು ಕೆಳಗೆ ಪೆನ್ಸಿಲಿನಲ್ಲಿ ಸಹಿ ಹಾಕುತ್ತಾರೆ. ಅದೇ ಅದರ ಕುಲಗೋತ್ರ. ರಬ್ಬರ್ ಕಾಗದಕ್ಕೆ ತಾಗುವುದಕ್ಕೂ ನಾನು ಅವನ ಮಣಿಕಟ್ಟು ಹಿಡಿಯುವುದಕ್ಕೂ ಕೂದಲೆಳೆಯ ಅಂತರ. ಪಕ್ಕದ ಅಂಗಡಿಯವನು ಜಗಳವೆಂದು ಎದ್ದು ಬಂದ.

"ಪೋರಾನೇ ಪೆನ್ಸಿಲ್ ಮಾರಲೀ ಆಹೇ," ಎಂದ ಕಟ್ಟಿನವನು ನೊಂದುಕೊಂಡು. ಯಾವುದೋ ಮಗು ಗೀಚಿದೆ, ಒರೆಸಿ ಕೊಡೋಣವೆಂದರೆ ಹೀಗೆ ಮೈಮೇಲೆ ಬರುವುದೇ?

ಸಹಿ ಉಳಿಯಿತು. ಅಂಚು ಕತ್ತರಿಸಲೂ ಬಿಡಲಿಲ್ಲ. ಅವನ ಬೆನ್ನ ಹಿಂದೆಯೇ ನಿಂತು ಕೆಲಸ ಮಾಡಿಸಿದೆ. ಕೊನೆಗೆ ಅವನಿಗೂ ಕರುಣೆ ಬಂತೇನೋ, ಗಂಧದ ಚಕ್ಕೆಯ ಹಾರವೊಂದನ್ನು ತಾನಾಗಿಯೇ ತಂದು ಕಟ್ಟಿಗೆ ಹಾಕಿ ಕೊಟ್ಟ. ಮಳೆ ಬರುವಂತಿತ್ತು. ಬಿಚ್ಚುತ್ತ ಕೂರದೆ ಹಾಗೇ ಮನೆಗೆ ತಂದು ಗೋಡೆಗೆ ತಗುಲಿಸಿ, ಎರಡನೆಯ ಪಾಳಿಗೆ ಭಾಂಡುಪಿಗೆ ಓಡಿದೆ.

ಪಾಳಿ ಮುಗಿಸಿ ಬಂದು ಚಾಳಿನ ಮೆಟ್ಟಿಲು ಹತ್ತುತ್ತೇನೆ, ನಮ್ಮ ಖೋಲಿಯ ಮುಂದೆ ಚಪ್ಪಲಿಗಳ ರಾಶಿ. ನನ್ನ ಹೆಂಡತಿಗೆ ಆಗ ದಿನ ತುಂಬುತ್ತಿದ್ದವು. ಜನರನ್ನು ತಳ್ಳಿಕೊಂಡು ಒಳಗೆ ಹೋದರೆ ನನ್ನಾಕೆ ಗೋಡೆಗೆ ಒರಗಿ ಕೂತಿದ್ದಾಳೆ, ನೆರೆಯ ಹೆಂಗಸರು ಅವಳ ಬೆನ್ನು ಸವರುತ್ತಿದ್ದಾರೆ. ಸತ್ತವರ ಮನೆಯಲ್ಲಿ ಒಲೆ ಹಚ್ಚಬಾರದೆಂದು ಯಾರೋ ಭಾಕ್ರಿ ಪಿಠ್ಲೆ ತಂದಿಟ್ಟಿದ್ದಾರೆ. ಗೋಡೆಯ ಮೇಲೆ ಹಾರ ಹಾಕಿಕೊಂಡು ನಮ್ಮ ಜರ್ಮನ್ ಮುಖ.

"ಏನ್ ಮಾಡ್ಲಿರಿ," ಎಂದಳು ನನ್ನಾಕೆ ಕಣ್ಣೊರೆಸಿಕೊಂಡು. "ಯಾರೂ ಸತ್ತಿಲ್ಲ ಅಂದ್ರ ದುಃಖಕ್ಕ ಹಂಗಂತಾಳ ಅಂತಾರ. ಅವರು ಅತ್ತದ್ದು ನೋಡಿ ನನಗೂ ಅಳು ಬಂತು."

ಚಾಳಿನ ಹಿರಿಯರೊಬ್ಬರು, ಬಿಜಾಪುರದ ಕಡೆಯವರು, ನನ್ನ ಕೈ ಹಿಡಿದುಕೊಂಡರು. "ಧೈರ್ಯ ತಗೋರಿ. ತಂದೀಯವರೇನು?"

"ಅಲ್ಲರೀ."

"ದೊಡ್ಡಪ್ಪ?"

"ಯಾರೂ ಅಲ್ಲರೀ! ಜರ್ಮನಿಯವ!"

ಹಿರಿಯರು ಕಣ್ಣುಮುಚ್ಚಿ ಯೋಚಿಸಿದರು. ನಿಟ್ಟುಸಿರು ಬಿಟ್ಟು ಹೇಳಿದರು: "ಭಾಳ ದೂರದ ಸಂಬಂಧ ಆತು. ಮೂರು ದಿನದ ಸೂತಕ ಹಿಡದ್ರ ಸಾಕು."

ಒಂದು ಸಾಕು

ಹೆರಿಗೆಗೆಂದು ಧಾರವಾಡದಿಂದ ಅತ್ತೆಯವರು ಬಂದಿಳಿದರು. ಒಳಗೆ ಕಾಲಿಟ್ಟವರೇ ಗೋಡೆಯನ್ನು ನೋಡಿ ಗಂಟು ಕೆಳಗೆ ಹಾಕಿದರು.

"ಏನದು?"

"ಚಿತ್ರ ಅವ್ವಾ."

"ಬಸರ ಹೆಂಗಸು ಮುಂಜಾನೆ ಎದ್ದು ಚೆಂದಂದು ನೋಡಬೇಕು. ಬಾಲಕೃಷ್ಣನ್ನ ನೋಡಬೇಕು. ಇಂಥಾ ಮಾರಿ ನೋಡಿದ್ರ ಹೊಟ್ಟ್ಯಾಗಿನ ಕೂಸಿಗೆ ಇದ ಮಾರಿನ ಬರ್ತದ. ಇದನ್ನ ತಗೀರಿ. ಇಲ್ಲಂದ್ರ ನಾಳಿನ ಗಾಡಿಗೆ ಮಗಳನ್ನ ಧಾರವಾಡಕ್ಕ ಕರಕೊಂಡು ಹೋಗ್ತೀನಿ."

ಮದಾಮ್ ಯಾವತ್ತು ಬೇಕಾದರೂ ಬರಬಹುದು. ಈ ಸ್ಥಿತಿಯಲ್ಲಿ ಹೆಂಡತಿಯನ್ನು ರೈಲು ಹತ್ತಿಸುವುದೂ ಆಗದ ಮಾತು. ನಾನು ಬಾಯಿ ಬಿಡುವ ಮೊದಲೇ ನನ್ನಾಕೆ ನನ್ನ ಪರ ವಹಿಸಿದಳು. "ಇರ್ಲಿ ಬಿಡವ್ವಾ. ದಿನಾ ಮುಂಜಾನೆ ಎದ್ದು ಇವರ ಮಾರಿ ನೋಡ್ತೀನಿ, ನನಗೇನಾಗೇದ?"

ಅತ್ತೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅದಕ್ಕ ಹೇಳ್ಲಿಕ್ಕತ್ತೀನಿ. ಮನ್ಯಾಗ ಅಂಥಾದ್ದು ಒಂದ ಸಾಕು."

ಹೋಟೆಲಿನ ಬಾಗಿಲಲ್ಲಿ

ಕಟ್ಟು ಹಾಕಿದ ಚಿತ್ರ ಟ್ರಂಕಿಗೆ ಹಿಡಿಸಲಿಲ್ಲ. ನಮ್ಮ ಚಾಳಿನ ಮೂಲೆಯಲ್ಲಿ ಉಡುಪಿಯ ಭಟ್ಟರ ಹೋಟೆಲು. ಕನ್ನಡದವರೆಂಬ ವಿಶ್ವಾಸ, ಕಾಫಿಯ ಸ್ನೇಹ. ಸ್ವಲ್ಪ ದಿನ ಒಳಗೆ ಎಲ್ಲಾದರೂ ಇಟ್ಟಿರಿ ಎಂದು ಅವರಿಗೆ ಕೊಟ್ಟು ಬಂದೆ. ಅಲ್ಲಿಂದ ಮುಂದೆ ಕೆಲವು ದಿನ ಕಾರ್ಖಾನೆಯಲ್ಲಿ ಓವರ್‌ಟೈಮ್, ಕಾಫಿಗೂ ಹೋಗಲಾಗಲಿಲ್ಲ.

ಮದಾಮ್ ಕಾರ್ಖಾನೆಗೆ ಫೋನ್ ಮಾಡಿ, ಭಾನುವಾರ ಸಂಜೆ ಬರುತ್ತೇನೆ ಎಂದರು. ಶನಿವಾರವೇ ಹೋಟೆಲಿಗೆ ಓಡಿದೆ. ಹೊಸ್ತಿಲಲ್ಲೇ ನಿಂತುಬಿಟ್ಟೆ.

ಚಿತ್ರ ಬಾಗಿಲ ನೆತ್ತಿಯ ಮೇಲೆ ರಸ್ತೆಗೆ ಮುಖ ಮಾಡಿ ನೇತಾಡುತ್ತಿತ್ತು. ಕೆಳಗೆ ಲಿಂಬೆಹಣ್ಣು, ಹಸಿಮೆಣಸಿನಕಾಯಿ. ಗಾಜಿನ ಮೇಲೆ ಹಣೆಯ ಜಾಗದಲ್ಲಿ ಉದ್ದನೆಯ ಕುಂಕುಮ.

"ಎಂತ ಮಾಡುದು ಮಾರಾಯ್ರೆ," ಎಂದರು ಭಟ್ಟರು. "ಎದುರಿಗೆ ಒಬ್ಬ ಇರಾನಿ ಹೋಟೆಲ್ ಇಟ್ಟ. ಅವತ್ತಿಂದ ನನ್ನ ಹಿಟ್ಟು ಹುಳಿ ಬರುದಿಲ್ಲ, ಹಾಲು ಒಡೀತದೆ. ಕಣ್ಣು ಬಿದ್ದದ್ದು ಅಂತ ಗೊತ್ತಾಯ್ತು. ದೃಷ್ಟಿಗೆ ಕುಂಬಳಕಾಯಿ ಕಟ್ಟಿದೆ, ಆಗ್ಲಿಲ್ಲ. ನಿಮ್ಮ ಇವ ಬಾಗಿಲಿಗೆ ಬಂದದ್ದೇ ಬಂದದ್ದು, ಇರಾನಿ ಈಚೆ ತಲೆ ಎತ್ತಿ ನೋಡುದಿಲ್ಲ."

"ಸಂತೋಷ ಭಟ್ರೇ. ಈಗ ಇಳಿಸಿಕೊಡಿ."

ಭಟ್ಟರು ಎರಡು ಕೆನ್ನೆಗೂ ಬಡಿದುಕೊಂಡರು. "ಇಳಿಸಿ ಮನೆಗಾ? ಇಡೀ ವಡಾಲದ ಕಣ್ಣು ಇದರೊಳಗೆ ಕೂತುಂಟು. ನಿಮ್ಮ ಮನೇಲಿ ತುಂಬಿದ ಬಸುರಿ. ದೃಷ್ಟಿಗೆ ಕಟ್ಟಿದ್ದನ್ನು ಇಳಿಸಿದ್ರೆ ಸೀದಾ ಸಮುದ್ರಕ್ಕೆ, ತಿರುಗಿ ನೋಡ್ಲಿಕ್ಕೂ ಇಲ್ಲ. ನಾಳೆ ಅಮಾವಾಸ್ಯೆ. ಸಂಜೆ ನಾನೇ ಹೋಗಿ ಬಿಟ್ಟು ಬರ್ತೇನೆ, ನೀವು ಚಿಂತೆ ಮಾಡ್ಬೇಡಿ."

ಮನೆಗೆ ಹೋಗಿ ಹೇಳಿಕೊಂಡರೆ ಅತ್ತೆಯವರು ಮೊಟ್ಟಮೊದಲ ಸಲ ಮುಂಬಯಿಯನ್ನು ಹೊಗಳಿದರು: "ಈ ಊರಾಗ ತಿಳದವರು ಒಬ್ಬರರೆ ಇದ್ದಾರ." ಮತ್ತೆ ಹೋಗಿ ಭಟ್ಟರ ಕಾಲು ಹಿಡಿಯುವುದೊಂದು ಬಾಕಿ, ಬೇಡಿದೆ, ರೇಗಿದೆ, ಇದು ಯಾರ ಆಸ್ತಿ ಗೊತ್ತೇ ಎಂದೆ. ಭಟ್ಟರು ನನ್ನ ದುಃಖಕ್ಕೆ ಮರುಗಿ, ಒಂದು ಕಾಫಿ ಕೊಡಿಸಿ, ದನಿ ತಗ್ಗಿಸಿ ಕೇಳಿದರು:

"ಅದೆಲ್ಲ ಇರ್ಲಿ. ಇವ ಹೋದ ಮೇಲೆ ಬಾಗಿಲಿಗೆ ಕಟ್ಟಲಿಕ್ಕೆ ಇದೇ ನಮೂನೆಯವ ಇನ್ನೊಬ್ಬ ಉಂಟಾ?"

ಸಹಿ

ಭಾನುವಾರ ಬೆಳಗಿನಿಂದ ನಾನು ಹೋಟೆಲಿನ ಬಾಗಿಲು ಕಾದೆ. ಮದಾಮ್ ಬರುವ ಮುನ್ನ ಏನಾದರೂ ಮಾಡಿ ಚಿತ್ರ ಕೈಗೆ ಬರಬೇಕು. ಆದರೆ ಅವರು ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟರು. ಚಾಳಿನ ದಾರಿ ಕೇಳಿದವರಿಗೆಲ್ಲ ಜನ ಭಟ್ಟರ ಹೋಟೆಲನ್ನೇ ತೋರಿಸುತ್ತಾರೆ. ಹಾಗಾಗಿ ಮದಾಮ್ ಬಂದು ನಿಂತದ್ದು ನೇರವಾಗಿ ಚಿತ್ರದ ಕೆಳಗೆ. ಭಟ್ಟರು ಅದೇ ಹೊತ್ತಿಗೆ ಅದನ್ನು ಇಳಿಸಲು ಏಣಿ ಹತ್ತಿದ್ದರು.

ಮದಾಮ್ ತಲೆಯೆತ್ತಿ ನೋಡಿದರು. ಲಿಂಬೆಹಣ್ಣು ನೋಡಿದರು, ಕುಂಕುಮ ನೋಡಿದರು. ಕೊನೆಗೆ ನನ್ನನ್ನು ನೋಡಿದರು. ಫೋಲ್ಡರ್ ಹೋಯಿತು, ಮೂರೂ ಹೋದವು ಎಂದುಕೊಂಡೆ. ತಡವರಿಸುತ್ತ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ: ಕೆಟ್ಟ ಕಣ್ಣಿನವರು ಈ ಮುಖ ಕಂಡರೆ ಹೆದರಿ ಹೋಗುತ್ತಾರಂತೆ, ಅದಕ್ಕೆ ಕಟ್ಟಿದ್ದಾರೆ, ಈಗ ಸಮುದ್ರಕ್ಕೆ ಹಾಕಬೇಕಂತೆ.

ಮದಾಮ್ ಇನ್ನೊಮ್ಮೆ ಚಿತ್ರದತ್ತ ತಲೆಯೆತ್ತಿದರು. "ನಮ್ಮ ದೇಶದಲ್ಲಿ ಅಧಿಕಾರಕ್ಕೆ ಬಂದ ಕೆಟ್ಟ ಕಣ್ಣಿನವರೂ ಇದಕ್ಕೆ ಹೆದರಿದರು," ಎಂದರು ಆಮೇಲೆ. "ಹೆದರಿ, ಇಂಥವನ್ನೆಲ್ಲ ಗೋಡೆಯಿಂದ ಕಿತ್ತುಹಾಕಿದರು. ಇವರು ಇದನ್ನು ಕಾವಲಿಗೆ ನಿಲ್ಲಿಸಿದ್ದಾರೆ." ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಎದೆಯೂ ತುಂಬಿ ಬಂತು. ಆದರೆ ಮದಾಮ್ ಜರ್ಮನಿಯವರು. ಅಳುತ್ತಲೇ ಷರತ್ತು ನೆನಪಿಟ್ಟುಕೊಂಡರು. "ಮಾತು ಮಾತೇ. ಮೂರು ನಿನ್ನ ಮನೆಯಲ್ಲಿರಬೇಕು. ಹಡಗು ಹತ್ತುವ ಮುಂಚೆ ಇನ್ನೊಮ್ಮೆ ಬರುತ್ತೇನೆ. ಅಲ್ಲಿಯವರೆಗೆ ಇದು ಸಮುದ್ರ ಸೇರಬಾರದೆಂದು ಇವರಿಗೆ ಹೇಳು."

ಅಳುವ ಮುತ್ತೈದೆಯೋ ವಿಧವೆಯೋ, ಒಟ್ಟಿನಲ್ಲಿ ಅಳುವ ಹೆಂಗಸಿನ ಮಾತು ಮೀರಲು ಭಟ್ಟರಿಗಾಗಲಿಲ್ಲ. ಮುಂದಿನ ಅಮಾವಾಸ್ಯೆವರೆಗೆ ವಾಯಿದೆ ಸಿಕ್ಕಿತು.

ಅಷ್ಟರಲ್ಲಿ ನನ್ನಾಕೆ ಹಡೆದಳು. ಗಂಡು. ತಾಯಿ ಮಗು ಕ್ಷೇಮವಾಗಿ ಆಸ್ಪತ್ರೆಯಿಂದ ಖೋಲಿಗೆ ಬಂದ ದಿನವೇ ಮದಾಮ್ ಬಂದರು, ಕಂಕುಳಲ್ಲಿ ಫೋಲ್ಡರ್. ಮಗುವನ್ನು ನೋಡಲು ಭಟ್ಟರೂ ಡಬ್ಬಿಯಲ್ಲಿ ಶೀರಾ ಹಿಡಿದು ಬಂದಿದ್ದರು. ನಾನು ಟ್ರಂಕಿನಿಂದ ಎರಡು ಚಿತ್ರ ತೆಗೆದು ಮದಾಮರ ಮುಂದೆ ಹರಡಿದೆ. ಅವರು ಮೂಲೆ ಮೂಲೆ ಪರೀಕ್ಷಿಸಿದರು. ಒಂದು ಕಲೆ ಇರಲಿಲ್ಲ.

"ಮೂರನೆಯದು?"

ನಾನು ಭಟ್ಟರನ್ನು ನೋಡಿದೆ. ಭಟ್ಟರು ಬಾಣಂತಿಯನ್ನು ನೋಡಿ ಇಲ್ಲವೆಂದು ತಲೆಯಾಡಿಸಿದರು. ಮದಾಮ್ ಆ ಎರಡೂ ಚಿತ್ರಗಳನ್ನು ಫೋಲ್ಡರಿನೊಳಗೆ ಸೇರಿಸತೊಡಗಿದರು.

ಆಗ ತೊಟ್ಟಿಲಲ್ಲಿ ಮಗು ಎದ್ದಿತು. ಎಲ್ಲರೂ ಬಗ್ಗಿದೆವು. ಎಳೆಯ ಕೂಸು ಹೇಗಿರುತ್ತದೋ ಹಾಗೇ ಇತ್ತು: ಹಣೆಯ ತುಂಬ ಗೆರೆ, ಒಳಸರಿದ ಕೆನ್ನೆ, ಮುಖಕ್ಕಿಂತ ದೊಡ್ಡ ಕಣ್ಣು, ಕಿರುಚಲು ಹೊರಟು ನಿಂತ ಬಾಯಿ. ಅತ್ತೆಯವರು ನನ್ನ ಕಡೆ ತಿರುಗಿ, "ನಾ ಹೇಳಿದ್ದಿಲ್ಲೇನು?" ಎಂದರು.

ಭಟ್ಟರು ಇನ್ನಷ್ಟು ಬಗ್ಗಿ ನೋಡಿ ನೆಟ್ಟಗಾದರು. "ಮಾರಾಯ್ರೆ, ಅಮಾವಾಸ್ಯೆಗೆ ಇವನನ್ನು ಒಂದು ಗಳಿಗೆ ನಮ್ಮ ಬಾಗಿಲಲ್ಲಿ ಎತ್ತಿ ಹಿಡೀರಿ. ಇವ ಇದ್ದಲ್ಲಿ ಯಾವ ಕಣ್ಣೂ ತಾಗುದಿಲ್ಲ, ನಿಮ್ಮ ಚಿತ್ರ ಈಗಲೇ ತಂದು ಕೊಡ್ತೇನೆ."

ಅತ್ತೆಯವರು ಅವರ ಮೇಲೆ ಹರಿಹಾಯ್ದರು. ನನ್ನಾಕೆ ಹೊಟ್ಟೆ ಹಿಡಿದುಕೊಂಡು, ನಗಿಸಬೇಡ್ರೀ ನೋಯ್ತದ ಎಂದು ಅತ್ತು ನಕ್ಕಳು. ಏನಾಯಿತೆಂದು ಮದಾಮ್ ಕೇಳಿದರು. ಹೇಳಿದೆ. ಸಾಹೇಬರು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ. ಫೋಲ್ಡರನ್ನು ಹಾಗೆಯೇ ನನ್ನ ಕೈಗಿಟ್ಟರು.

"ಭಟ್ಟರದು ಬಾಗಿಲಲ್ಲೇ ಇರಲಿ, ಸಮುದ್ರಕ್ಕೆ ಮಾತ್ರ ಬೇಡ. ಮೂರನೆಯದು ನಿನ್ನ ಮನೆಯಲ್ಲೇ ಇದೆಯಲ್ಲ." ತೊಟ್ಟಿಲಿನತ್ತ ಬಗ್ಗಿ ಮಗುವಿನ ಕಾಲ ಬುಡವನ್ನು ಹುಡುಕುವಂತೆ ನೋಡಿದರು. "ಸಹಿ ಮಾತ್ರ ಕಾಣುತ್ತಿಲ್ಲ."

ಅದೇ ಹೊತ್ತಿಗೆ ಅತ್ತೆಯವರು ಕಾಡಿಗೆ ಹಚ್ಚಿದ ಬೆರಳಿನಿಂದ ಮಗುವಿನ ಅಂಗಾಲಿಗೆ ದೃಷ್ಟಿಬೊಟ್ಟು ಒತ್ತಿದರು. ಮದಾಮ್ ಚಪ್ಪಾಳೆ ತಟ್ಟಿ ನಕ್ಕರು.

"ಯಾಕ ನಗ್ತಾರ ಅವರು?" ಎಂದರು ಅತ್ತೆಯವರು. ಇಂಥ ಚಿತ್ರಕ್ಕೆ ಮಾಡಿದವರ ಸಹಿ ಇರಬೇಕು, ಈಗ ಅದೂ ಬಿತ್ತು ಅಂತಾರ ಎಂದೆ.

ಅತ್ತೆಯವರು ಒಮ್ಮೆ ಮೊಮ್ಮಗನ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಸೆರಗಿಗೆ ಬೆರಳು ಒರೆಸಿಕೊಂಡರು.

"ಸಹಿ ಯಾಕ ಬೇಕ್ರೀ? ಯಾರು ಮಾಡಿದ್ದು ಅಂತ ಮಾರಿ ನೋಡಿದ್ರನ ಗೊತ್ತಾಗ್ತದ."